ಹಳೆ ಪಿಕಪ್ ನೀರು ಕುಡಿಯುತ್ತಿದೆಯಾ? ಕೂಲಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಹಳೆ ಬೊಲೆರೊ ಪಿಕಪ್, 2523 ಸಿಸಿ ಡೀಸೆಲ್. ಹಾಸನದ ಕಡೆಯಿಂದ ತರಕಾರಿ ತುಂಬಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಬರುವಾಗ ಹಂಚು, ಟೈಲ್ಸ್, ಸಿಕ್ಕಿದ ಬಾಡಿಗೆ. ಒಂದು ವರ್ಷ ಮಳೆಗಾಲ ಮುಗಿದ ಮೇಲೆ ಮೂರು ತಿಂಗಳು ಈ ಗಾಡಿ ಸುಮ್ನೆ ನೀರು ಕುಡಿಯಿತು. ನೀರು ಅಂದರೆ ಇಲ್ಲಿ ಕೂಲಂಟ್, ಎಂಜಿನ್ ತಣಿಸಲು ಅದರೊಳಗೂ ರೇಡಿಯೇಟರಿನಲ್ಲೂ ಸುತ್ತುವ ಬಣ್ಣದ ದ್ರಾವಣ. ಎಲ್ಲಿ ಹೋಗುತ್ತಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಆಗಿನಿಂದ ಸ್ಟ್ಯಾಂಡಿನಲ್ಲಿ ಯಾರ ಗಾಡಿಯ ಕೂಲಂಟ್ ಬಾಟಲಿ ಖಾಲಿಯಾದರೂ ನನ್ನ ಹತ್ತಿರ ಬಂದು ಕೇಳುತ್ತಾರೆ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಟಾಟಾ 207 ಇರಲಿ, ಬೇರೆ ಹಳೆ ಡೀಸೆಲ್ ಪಿಕಪ್ ಇರಲಿ, ಹುಡುಕುವ ದಾರಿ ಒಂದೇ.

ಗಾಡಿ ಕೆಳಗೆ ಒಂದು ಹನಿಯೂ ಬಿದ್ದಿಲ್ಲ. ಆದರೂ ಬಾಟಲಿ ಖಾಲಿ. ಇದು ಹೇಗೆ ಸಾಧ್ಯ?

ಸಾಧ್ಯ. ಹೆಚ್ಚಿನವರು ಮೋಸ ಹೋಗುವುದೇ ಇಲ್ಲಿ. ಎಂಜಿನ್ ತಣ್ಣಗಿರುವಾಗ ಒಳಗೆ ಒತ್ತಡ ಇರುವುದಿಲ್ಲ, ಹಾಗಾಗಿ ಸಣ್ಣ ಬಿರುಕು ಸೋರುವುದಿಲ್ಲ. ಬಿಸಿ ಆದ ಮೇಲೆ ಒತ್ತಡ ಏರುತ್ತದೆ, ಬಿರುಕು ಬಾಯಿ ಬಿಡುತ್ತದೆ. ಆಗ ಬಂದ ಹನಿ ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಹಬೆಯಾಗಿ ಹೋಗುತ್ತದೆ. ನೆಲಕ್ಕೆ ಏನೂ ತಲುಪುವುದಿಲ್ಲ. ನೀವು ಮನೆಗೆ ಬಂದು ನಿಲ್ಲಿಸಿ ಬೆಳಿಗ್ಗೆ ಬಗ್ಗಿ ನೋಡಿದರೆ ನೆಲ ಒಣ.

ಕೂಲಂಟ್ ಹೋಗುವುದಕ್ಕೆ ಇರುವ ದಾರಿ ಮೂರೇ. ಹೊರಗಡೆ ಸೋರಬೇಕು, ಇಲ್ಲವೇ ಕ್ಯಾಪ್ ಮೂಲಕ ಉಕ್ಕಿ ಹೋಗಬೇಕು, ಇಲ್ಲವೇ ಎಂಜಿನ್ ಒಳಗೆ ಹೋಗಬೇಕು. ಒಳಗೆ ಅಂದರೆ ಸಿಲಿಂಡರ್‌ಗೋ, ಆಯಿಲ್‌ಗೋ.

ಎಷ್ಟು ಕಮ್ಮಿ ಆದರೆ ತಲೆ ಕೆಡಿಸಿಕೊಳ್ಳಬೇಕು?

ಸರಿಯಿರುವ ಗಾಡಿಯಲ್ಲಿ ತಿಂಗಳುಗಟ್ಟಲೆ ಬಾಟಲಿಯ ಮಟ್ಟ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. ವಾರಕ್ಕೊಮ್ಮೆ ಹಾಕಬೇಕಾಗಿ ಬಂದರೆ ಎಲ್ಲೋ ತೊಂದರೆ ಇದೆ ಅಂತಲೇ ಲೆಕ್ಕ. ಆದರೆ ಮೊದಲು ಅಳೆಯಿರಿ. ಬಿಸಿ ಇರುವಾಗ ಮಟ್ಟ ಮೇಲೆ ಹೋಗುತ್ತದೆ, ತಣ್ಣಗಾದಾಗ ಇಳಿಯುತ್ತದೆ. ಸಂಜೆ ಒಂದು ದಿನ, ಬೆಳಿಗ್ಗೆ ಒಂದು ದಿನ ನೋಡಿದರೆ ಇಲ್ಲದ ಕಾಯಿಲೆ ಕಾಣುತ್ತದೆ.

ನಾನು ಮಾಡುವುದು ಇಷ್ಟು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು, ಅದೇ ಸಮತಟ್ಟು ಜಾಗದಲ್ಲಿ, ಬಾಟಲಿ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯುತ್ತೇನೆ. ಕಮ್ಮಿ ಆದದ್ದನ್ನು ಹಾಲಿನ ಲೋಟದಲ್ಲಿ ಅಂದಾಜಿಗೆ ಸುರಿಯುವುದಿಲ್ಲ, ಅಳತೆ ಗುರುತು ಇರುವ ಬಾಟಲಿಯಲ್ಲಿ ಹಾಕುತ್ತೇನೆ. ಡೈರಿಯಲ್ಲಿ ತಾರೀಖು, ಕಿಲೋಮೀಟರ್, ಎಷ್ಟು ಮಿಲಿ ಹಾಕಿದೆ, ಹಿಂದಿನ ದಿನ ಲೋಡು ಎಷ್ಟಿತ್ತು, ಘಾಟಿ ಹತ್ತಿತ್ತಾ ಇಲ್ಲವಾ, ಇಷ್ಟು ಬರೆಯುತ್ತೇನೆ. ಹತ್ತು ದಿನ ಬರೆದರೆ ಗಾಡಿ ತಾನೇ ಅರ್ಧ ಉತ್ತರ ಹೇಳುತ್ತದೆ.

ಎಲ್ಲಕ್ಕಿಂತ ಮೊದಲು ಯಾವುದನ್ನು ನೋಡಲಿ?

ರೇಡಿಯೇಟರ್ ಕ್ಯಾಪ್. ಅತಿ ಅಗ್ಗದ ಭಾಗ, ಅತಿ ಕಡಿಮೆ ಜನ ನೋಡುವ ಭಾಗ.

ಕ್ಯಾಪ್ ಅಂದರೆ ಬರೀ ಮುಚ್ಚಳ ಅಲ್ಲ. ಅದರಲ್ಲಿ ಎರಡು ವಾಲ್ವ್ ಇವೆ. ಒಂದು ಒತ್ತಡ ಹಿಡಿದಿಡುತ್ತದೆ. ಅದರ ನಡುವೆ ಇರುವ ಚಿಕ್ಕದು, ಎಂಜಿನ್ ತಣ್ಣಗಾದಾಗ ಬಾಟಲಿಯಿಂದ ಕೂಲಂಟನ್ನು ವಾಪಸ್ ಒಳಗೆ ಬಿಡುತ್ತದೆ. ಸಮುದ್ರ ಮಟ್ಟದಲ್ಲಿ ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಸಕಲೇಶಪುರ, ಬೆಂಗಳೂರಿನಂಥ ಎತ್ತರದಲ್ಲಿ 97ರ ಹತ್ತಿರವೇ ಕುದಿಯುತ್ತದೆ. ಅರ್ಧ ಕೂಲಂಟ್, ಅರ್ಧ ನೀರು ಹಾಕಿದರೆ 107ರ ಆಸುಪಾಸು. ಅದೇ ಮಿಶ್ರಣವನ್ನು ಒಳ್ಳೆ ಕ್ಯಾಪ್ 1 ಬಾರ್ ಒತ್ತಡದಲ್ಲಿ ಹಿಡಿದರೆ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಸ್ಪ್ರಿಂಗ್ ಸಡಿಲ ಆಗಿದ್ದರೆ ಈ ಲಾಭ ಪೂರ್ತಿ ಹೋಯಿತು. ಏರಿನಲ್ಲಿ ಕುದಿದು ಬಾಟಲಿಗೆ ಉಕ್ಕುತ್ತದೆ, ಬಾಟಲಿ ತುಂಬಿ ರಸ್ತೆಗೆ ಹೋಗುತ್ತದೆ.

ಹೊಸ ಕ್ಯಾಪ್ ತರುವಾಗ ಹಳೆಯದರ ಮೇಲೆ ಬರೆದಿರುವ ಅಂಕಿ ನೋಡಿಕೊಂಡು ಅದೇ ತನ್ನಿ. 0.9 ಇದ್ದರೆ 0.9, 1.1 ಇದ್ದರೆ 1.1. ಜಾಸ್ತಿ ಒತ್ತಡದ್ದು ಹಾಕಿದರೆ ಹಳೆ ಹೋಸು, ಹಳೆ ರೇಡಿಯೇಟರು ತಡೆಯಲಿಕ್ಕಿಲ್ಲ. ಇನ್ನೊಂದು ಮಾತು, ಎಂಜಿನ್ ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ. ಬಟ್ಟೆ ಹಾಕಿ ತೆಗೆಯುತ್ತೇನೆ ಅನ್ನುವವರ ಕೈ, ಮುಖ ಸುಟ್ಟಿದ್ದನ್ನು ನೋಡಿದ್ದೇನೆ.

ಬಾಟಲಿ ತುಂಬಿದೆ, ಆದರೆ ರೇಡಿಯೇಟರ್ ಕ್ಯಾಪ್ ತೆಗೆದರೆ ಒಳಗೆ ಖಾಲಿ. ಯಾಕೆ?

ಕೂಲಂಟ್ ಬಾಟಲಿಗೆ ಹೋಗುತ್ತಿದೆ, ವಾಪಸ್ ಬರುತ್ತಿಲ್ಲ. ಕ್ಯಾಪಿನ ಚಿಕ್ಕ ವಾಲ್ವ್ ಅಂಟಿಕೊಂಡಿರಬಹುದು. ಇಲ್ಲವಾದರೆ ರೇಡಿಯೇಟರ್ ಕತ್ತಿನಿಂದ ಬಾಟಲಿಗೆ ಹೋಗುವ ಸಣ್ಣ ಪೈಪು ಎಲ್ಲೋ ಸೀಳಿದೆ. ಸೀಳಿದ ಪೈಪು ಕೂಲಂಟ್ ಬದಲು ಗಾಳಿ ಎಳೆದುಕೊಳ್ಳುತ್ತದೆ. ಪೈಪಿನ ತುದಿ ಬಾಟಲಿಯ ತಳದವರೆಗೆ ಮುಳುಗಿದೆಯಾ ಅಂತಲೂ ನೋಡಿ. ಬರೀ ಬಾಟಲಿ ನೋಡಿ ನೆಮ್ಮದಿಯಾಗಿದ್ದು ಎಂಜಿನ್ ಕಳೆದುಕೊಂಡವರಿದ್ದಾರೆ. ಗಾಡಿ ತಣ್ಣಗಿರುವಾಗ ರೇಡಿಯೇಟರ್ ಒಳಗೂ ನೋಡಬೇಕು.

ಹೊರಗೆ ಸೋರುತ್ತಿದ್ದರೆ ಎಲ್ಲೆಲ್ಲಿ ಹುಡುಕಲಿ?

ಹನಿ ಹುಡುಕಬೇಡಿ, ಕಲೆ ಹುಡುಕಿ. ಕೂಲಂಟ್ ಒಣಗಿದ ಜಾಗದಲ್ಲಿ ಉಪ್ಪು ಕಟ್ಟಿದ ಹಾಗೆ ಬಿಳಿ ಪೊರೆ ಉಳಿಯುತ್ತದೆ. ನಿಮ್ಮ ಕೂಲಂಟಿನ ಬಣ್ಣಕ್ಕೆ ತಕ್ಕ ಹಾಗೆ ಹಸಿರು, ಗುಲಾಬಿ ಛಾಯೆಯೂ ಇರುತ್ತದೆ. ಬೆಳಿಗ್ಗೆ ಟಾರ್ಚ್ ಹಿಡಿದು, ಹಲ್ಲು ನೋಡುವ ಡಾಕ್ಟರ ಹತ್ತಿರ ಇರುವಂಥ ಸಣ್ಣ ಕನ್ನಡಿ ಸಿಕ್ಕರೆ ಅದನ್ನೂ ಹಿಡಿದು, ನಿಧಾನವಾಗಿ ನೋಡಿ.

ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಮತ್ತು ಅಲ್ಯೂಮಿನಿಯಂ ಜಾಲರಿ ಸೇರುವ ಅಂಚು ಮೊದಲ ಅನುಮಾನದ ಜಾಗ. ಆಮೇಲೆ ವಾಟರ್ ಪಂಪ್. ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಸೀಲ್ ಹೋದರೆ ನೀರು ಅಲ್ಲಿಂದ ಇಣುಕುತ್ತದೆ, ಕೆಳಗೆ ಒಂದು ಗೆರೆ ಮೂಡುತ್ತದೆ. ದಯವಿಟ್ಟು ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಬೇಡಿ. ಸೀಲ್ ಹೋಗಿದೆ ಅಂತ ನಿಮಗೆ ಹೇಳುವುದಕ್ಕೇ ಅದನ್ನು ಇಟ್ಟಿರುವುದು. ಎಂಜಿನ್ ಆಫ್ ಇರುವಾಗ ಫ್ಯಾನ್ ಹಿಡಿದು ಅಲ್ಲಾಡಿಸಿ. ಪಂಪಿನ ಶಾಫ್ಟೇ ಆಡುತ್ತಿದ್ದರೆ ಬೇರಿಂಗ್ ಹೋಗಿದೆ, ಪಂಪ್ ಬದಲಿಸಿ.

ಬ್ಲಾಕಿನ ಪಕ್ಕದಲ್ಲಿ ದುಂಡಗಿನ ತಗಡಿನ ಬಿರಡೆಗಳಿರುತ್ತವೆ, ನಮ್ಮ ಮೆಕ್ಯಾನಿಕ್‌ಗಳು ಡಮ್ಮಿ ಅನ್ನುತ್ತಾರೆ. ಬರೀ ನೀರಿನಲ್ಲಿ ಓಡಿದ ಗಾಡಿಯಲ್ಲಿ ಅವು ಒಳಗಿನಿಂದ ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತಾಗುತ್ತವೆ. ಎಂಜಿನ್ ಹಿಂಭಾಗದಲ್ಲಿ ಡಮ್ಮಿ ಇದ್ದು ಅದು ಸೋರಿದರೆ ಗೇರ್‌ಬಾಕ್ಸ್ ಸೇರುವ ಜಾಗದಿಂದ ನೀರು ಬರುತ್ತದೆ, ಎಲ್ಲರೂ ಬೇರೆಲ್ಲೋ ಹುಡುಕುತ್ತಿರುತ್ತಾರೆ.

ಇನ್ನು ಹೋಸು, ಕ್ಲಿಪ್ಪು. ನನ್ನ ಗಾಡಿಯ ಕಥೆ ಇಲ್ಲೇ ಇದೆ. ಒಂದು ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ನೋಡಿ "ಹೆಡ್ ಗ್ಯಾಸ್ಕೆಟ್ಟೇ, ಬಿಚ್ಚಬೇಕು" ಅಂದರು. ಎಂಜಿನ್ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲ್ ಪದರ ಅದು, ಬದಲಿಸಲು ಹೆಡ್ಡನ್ನೇ ಬಿಚ್ಚಬೇಕು. ಮನೆಯಲ್ಲಿ ದುಡ್ಡು ಹೊಂದಿಸುವ ಮಾತೂ ಆಯಿತು. ಅಷ್ಟರಲ್ಲಿ ಡೈರಿ ತಿರುವಿ ನೋಡಿದೆ. ಇಳಿಯುವ ದಿನ ಹತ್ತು ಮಿಲಿ ಕೂಡ ಕಮ್ಮಿ ಆಗಿಲ್ಲ. ಲೋಡು ಹೊತ್ತು ಘಾಟಿ ಹತ್ತಿದ ದಿನವೆಲ್ಲ ಅರ್ಧ ಲೀಟರು. ಹಾಗಾದರೆ ಹತ್ತಿ ಮುಗಿಸಿದ ಕೂಡಲೇ ನೋಡಬೇಕು ಅಂದುಕೊಂಡೆ. ಆ ರಾತ್ರಿ ಘಾಟಿಯ ಮೇಲ್ತುದಿಯ ದೋಣಿಗಾಲ್ ದಾಟಿ ಅಗಲ ಜಾಗ ಸಿಕ್ಕಲ್ಲಿ ನಿಲ್ಲಿಸಿದೆ. ಎಂಜಿನ್ ಆಫ್ ಮಾಡದೆ ಬಾನೆಟ್ ಎತ್ತಿದೆ. ಮೊದಲು ಮೂಗಿಗೆ ಬಂತು, ಬೆಲ್ಲದ ಪಾಕ ಸ್ವಲ್ಪ ಸೀದ ಹಾಗೆ ಸಿಹಿ ವಾಸನೆ. ಫ್ಯಾನಿನಿಂದ ದೂರ ನಿಂತು ಟಾರ್ಚನ್ನು ಪಕ್ಕದಿಂದ ಬಿಟ್ಟೆ. ರೇಡಿಯೇಟರಿನ ಮೇಲಿನ ಹೋಸು ಎಂಜಿನ್‌ಗೆ ಸೇರುವ ಕಡೆ, ಕ್ಲಿಪ್ಪಿನ ಹಿಂದೆ, ಕಣ್ಣಿಗೆ ಕಾಣದ ಮಗ್ಗುಲಿನಿಂದ ಕೂದಲೆಳೆಯಷ್ಟು ಸಣ್ಣ ನೀರಿನ ಎಳೆ ಹೊರಟು ಗೇಣು ದೂರದಲ್ಲಿ ಮಂಜಾಗಿ ಮಾಯ ಆಗುತ್ತಿತ್ತು. ನಾಲ್ಕೈದು ನಿಮಿಷ ಐಡಲ್‌ನಲ್ಲಿ ಓಡಿ ಎಂಜಿನ್ ಸ್ವಲ್ಪ ತಣಿದ ಮೇಲೆ ಅದೂ ನಿಂತಿತು. ಒಂದು ಹೋಸು, ಎರಡು ಕ್ಲಿಪ್ಪು, ಮುಗಿಯಿತು. ಹೆಡ್ ಇವತ್ತಿಗೂ ಬಿಚ್ಚಿಲ್ಲ.

ಇದಕ್ಕೆ ಉಲ್ಟಾ ಕೇಸೂ ಇದೆ. ಕೆಲವು ಕ್ಲಿಪ್ಪುಗಳು ಎಂಜಿನ್ ತಣ್ಣಗಿರುವಾಗ ಮಾತ್ರ ಸೋರುತ್ತವೆ. ಚಳಿಗೆ ರಬ್ಬರ್ ಕುಗ್ಗಿ ಹಿಡಿತ ಸಡಿಲವಾಗುತ್ತದೆ, ಬಿಸಿ ಆದರೆ ಮತ್ತೆ ಬಿಗಿ. ಮಾಗಿಯಲ್ಲಿ ಮಾತ್ರ ನೆಲದಲ್ಲಿ ಹನಿ ಕಂಡರೆ ಇದನ್ನು ನೆನಪಿಸಿಕೊಳ್ಳಿ.

ಪ್ರತಿ ಸಲ ಘಾಟಿ ಹತ್ತಿ ನೋಡಬೇಕಾ? ಗ್ಯಾರೇಜಿನಲ್ಲೇ ಕಂಡುಹಿಡಿಯುವ ದಾರಿ ಇಲ್ವಾ?

ಇದೆ, ಪ್ರೆಶರ್ ಟೆಸ್ಟ್. ಕ್ಯಾಪ್ ಜಾಗಕ್ಕೆ ಕೈಪಂಪು ಸಿಕ್ಕಿಸಿ, ಕ್ಯಾಪಿನ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಮುಳ್ಳು ನೋಡುವುದು. ಎಂಜಿನ್ ತಣ್ಣಗೇ ಇರುತ್ತದೆ, ಹಾಗಾಗಿ ಸೋರಿದ್ದು ಹಬೆಯಾಗುವುದಿಲ್ಲ, ಕೈಗೆ ಸಿಗುತ್ತದೆ. ಐದು ನಿಮಿಷಕ್ಕೆ ಬಿಡಬೇಡಿ, ಅರ್ಧ ಗಂಟೆಯಾದರೂ ಇಡಲು ಹೇಳಿ. ಮುಳ್ಳು ಇಳಿಯಿತು, ಹೊರಗೆ ಎಲ್ಲೂ ಒದ್ದೆ ಇಲ್ಲ ಅಂದರೆ ಆಗ ಮಾತ್ರ ಒಳಗಿನ ಅನುಮಾನ ಪಡಬೇಕು. ಅದೇ ಪಂಪಿನಲ್ಲಿ ಕ್ಯಾಪನ್ನೂ ಟೆಸ್ಟ್ ಮಾಡಬಹುದು.

ಇದರಲ್ಲೂ ಸಿಗದಿದ್ದರೆ ಕೂಲಂಟಿಗೆ ಯುವಿ ಡೈ ಹಾಕಿ ನಾಲ್ಕು ದಿನ ಓಡಿಸಿ, ಕತ್ತಲಲ್ಲಿ ನೀಲಿ ಲೈಟ್ ಬಿಟ್ಟರೆ ಸೋರಿದ ಜಾಗ ಹಸಿರಾಗಿ ಹೊಳೆಯುತ್ತದೆ.

ಕ್ಯಾಬಿನ್ ಒಳಗೆ ಸಿಹಿ ವಾಸನೆ, ಗಾಜು ಪದೇ ಪದೇ ಮಂಜಾಗುತ್ತದೆ.

ಗಾಡಿಗೆ ಹೀಟರ್ ಇದ್ದರೆ ಅದರ ಪುಟ್ಟ ರೇಡಿಯೇಟರ್ ಡ್ಯಾಶ್‌ಬೋರ್ಡ್ ಹಿಂದೆ ಇರುತ್ತದೆ. ಅದು ಒಸರುತ್ತಿದೆ. ಡ್ಯಾಶ್‌ಬೋರ್ಡ್ ಕೆಳಗಿನ ಮ್ಯಾಟ್ ಎತ್ತಿ ಕೈಯಾಡಿಸಿ. ಅಂಟಂಟು ಇದ್ದರೆ ಕೂಲಂಟ್, ಬರೀ ಒದ್ದೆ ಇದ್ದರೆ ಮಳೆ ನೀರು.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಖಾತ್ರಿ ಮಾಡಿಕೊಳ್ಳೋದು ಹೇಗೆ?

ಈ ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳುತ್ತೇನೆ, ಯಾಕೆಂದರೆ ದುಡ್ಡು ಜಾಸ್ತಿ ಹೋಗುವುದು ಇಲ್ಲೇ.

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಮೇಲಿನ ಹೋಸನ್ನು ಹಿಚುಕಿ ನೋಡಿ. ನೀರಿನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದಲ್ಲೇ ಅದು ಕಲ್ಲಿನ ಹಾಗೆ ಗಟ್ಟಿಯಾದರೆ ಬಿಸಿಯಿಂದ ಬಂದ ಒತ್ತಡ ಅಲ್ಲ, ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಎಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ಒಂದೇ ಸಮನೆ ಗುಳ್ಳೆ ಬರುತ್ತಲೇ ಇರುವುದೂ ಅದೇ ಲಕ್ಷಣ. ಹೊಸದಾಗಿ ಕೂಲಂಟ್ ತುಂಬಿದಾಗ ಸ್ವಲ್ಪ ಹೊತ್ತು ಗುಳ್ಳೆ ಬಂದು ನಿಲ್ಲುತ್ತದೆ, ಅದಕ್ಕೆ ಹೆದರಬೇಡಿ.

ನೀಲಿ ದ್ರಾವಣದ ಟೆಸ್ಟ್ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಆ ದ್ರಾವಣದ ಮೂಲಕ ಎಳೆಯುತ್ತಾರೆ. ಹೊಗೆಯ ಗ್ಯಾಸ್ ಇದ್ದರೆ ನೀಲಿ ಬಣ್ಣ ಹಸಿರು, ಹಳದಿ ಕಡೆ ತಿರುಗುತ್ತದೆ. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಎಳೆದುಕೊಂಡು ಓಡುತ್ತದೆ, ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿ ಇರುತ್ತದೆ. ಅದಕ್ಕೇ ಐಡಲ್‌ನಲ್ಲಿ ಬಣ್ಣ ಬದಲಾಗಲಿಲ್ಲ ಅಂದ ಮಾತ್ರಕ್ಕೆ ಗ್ಯಾಸ್ಕೆಟ್ ಚೆನ್ನಾಗಿದೆ ಅನ್ನಬೇಡಿ. ಗಾಡಿಯನ್ನು ಚೆನ್ನಾಗಿ ದುಡಿಸಿ ತಂದು ರೇಸ್ ಕೊಟ್ಟು ಮತ್ತೊಮ್ಮೆ ಮಾಡಿಸಿ.

ಯಾವ ಸಿಲಿಂಡರ್ ಅಂತ ತಿಳಿಯಲು ರಾತ್ರಿ ಸಿಸ್ಟಂಗೆ ಒತ್ತಡ ಕೊಟ್ಟು ಬಿಟ್ಟು, ಬೆಳಿಗ್ಗೆ ಗ್ಲೋ ಪ್ಲಗ್ (ತಣ್ಣನೆ ಎಂಜಿನ್ ಸ್ಟಾರ್ಟ್ ಆಗಲು ಸಿಲಿಂಡರಿಗೆ ಬಿಸಿ ಕೊಡುವ ಪ್ಲಗ್), ಅದಿಲ್ಲದ ಎಂಜಿನ್‌ನಲ್ಲಿ ಇಂಜೆಕ್ಟರ್ ಬಿಚ್ಚಿ, ಡೀಸೆಲ್ ಬಂದ್ ಮಾಡಿ ಸೆಲ್ಫ್ ಹೊಡೆಯುತ್ತಾರೆ. ನೀರು ಕೂತಿರುವ ಸಿಲಿಂಡರಿನಿಂದ ಚಿಮ್ಮುತ್ತದೆ. ಇದನ್ನು ಗೊತ್ತಿರುವ ಮೆಕ್ಯಾನಿಕ್ಕೇ ಮಾಡಲಿ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ಟಕ್ ಅಂತ ನಿಂತುಬಿಟ್ಟರೆ ಮತ್ತೆ ಮತ್ತೆ ಹೊಡೆಯಬೇಡಿ. ನೀರನ್ನು ಹಿಂಡಿ ಕುಗ್ಗಿಸಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಗ್ಯಾಸ್ಕೆಟ್ಟಾ?

ಚಳಿಗಾಲದಲ್ಲಿ ಎಲ್ಲ ಗಾಡಿಗೂ ಬರುತ್ತದೆ. ಐದು ಕಿಲೋಮೀಟರ್ ಓಡಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಜೊತೆಗೆ ಸಿಹಿ ವಾಸನೆ, ಜೊತೆಗೆ ಬಾಟಲಿ ಇಳಿಯುತ್ತಿದೆ ಅಂದರೆ ಮಾತ್ರ ಅನುಮಾನ. ಕಣ್ಣು ಉರಿಸುವ ಡೀಸೆಲ್ ವಾಸನೆ ಇದ್ದರೆ ಇಂಜೆಕ್ಟರ್ ಕಡೆ ನೋಡಿ.

ಆಯಿಲ್ ಮುಚ್ಚಳದ ಒಳಗೆ ಕೆನೆ ಕಟ್ಟಿದೆ.

ಮಳೆಗಾಲದಲ್ಲಿ ಊರೊಳಗೆ ಎರಡೆರಡು ಕಿಲೋಮೀಟರ್ ಓಡಿಸುವ ಗಾಡಿಗೆ ಮುಚ್ಚಳದಲ್ಲಿ ಮಾತ್ರ ಸ್ವಲ್ಪ ಕೆನೆ ಕಟ್ಟುವುದು ಸಹಜ, ಅದು ತೇವ. ಡಿಪ್‌ಸ್ಟಿಕ್ ಎಳೆದು ನೋಡಿ. ಅಲ್ಲೂ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣ ಇದ್ದರೆ, ಮಟ್ಟವೂ ಏರಿದ್ದರೆ, ಗಾಡಿ ಅಲ್ಲೇ ನಿಲ್ಲಿಸಿ. ಕೂಲಂಟ್ ಸೇರಿದ ಆಯಿಲ್ ಬೇರಿಂಗುಗಳನ್ನು ಬಹಳ ಬೇಗ ತಿನ್ನುತ್ತದೆ. ಗ್ಯಾಸ್ಕೆಟ್ ಒಂದೇ ಕಾರಣ ಅಲ್ಲ, ಆಯಿಲ್ ಕೂಲರ್ ಒಳಗೆ ಒಡೆದಿದ್ದರೂ ಹೀಗಾಗುತ್ತದೆ. ಹೆಡ್ ಬಿಚ್ಚುವ ಮೊದಲು ಅದನ್ನು ಬಿಚ್ಚಿ ಟೆಸ್ಟ್ ಮಾಡಿಸಿ.

ಇಜಿಆರ್ ಕೂಲರಿನಿಂದ ಹೋಗಬಹುದಾ?

ಹೌದು, ನೀರಿನಿಂದ ತಣಿಯುವ ಇಜಿಆರ್ ಕೂಲರ್ ಇರುವ ಗಾಡಿಗಳಲ್ಲಿ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಬಿಡುವ ಮೊದಲು ತಣಿಸುವ ಭಾಗ ಅದು. ಅದರ ಒಳಗೆ ಬಿಸಿ ಹೊಗೆ ಒಂದು ಕಡೆ, ಕೂಲಂಟ್ ಇನ್ನೊಂದು ಕಡೆ. ನಡುವಿನ ತಗಡು ಬಿರುಕು ಬಿಟ್ಟರೆ ಕೂಲಂಟ್ ಹೊಗೆಯ ಜೊತೆ ಸುಟ್ಟು ಹೋಗುತ್ತದೆ. ಲಕ್ಷಣ ನೋಡಿದರೆ ಥೇಟ್ ಹೆಡ್ ಗ್ಯಾಸ್ಕೆಟ್. ಪೈಪು ಬಿಚ್ಚಿ ನೋಡಿ, ಮಸಿ ಒಣಗಿರಬೇಕು. ಒದ್ದೆ ಮಸಿ, ಇಲ್ಲವೇ ಒಂದು ಭಾಗ ಮಾತ್ರ ತೊಳೆದ ಹಾಗೆ ಬೆಳ್ಳಗಿದ್ದರೆ ಕೂಲರ್ ಹೋಗಿದೆ.

ಕೂಲಂಟ್ ದುಬಾರಿ. ಬೋರ್ ನೀರು ಹಾಕಿ ಓಡಿಸಿದರೆ ಏನಾಗುತ್ತದೆ?

ದಾರಿಯಲ್ಲಿ ಬೇರೆ ಏನೂ ಸಿಗದಿದ್ದರೆ ಯಾವ ನೀರಾದರೂ ಹಾಕಿ, ಎಂಜಿನ್ ಉಳಿಸಿಕೊಳ್ಳಿ. ಅದನ್ನೇ ರೂಢಿ ಮಾಡಿಕೊಳ್ಳಬೇಡಿ. ಬಿಸಿನೀರಿನ ಹಂಡೆಯ ಒಳಗೆ ಬಿಳಿ ಗಟ್ಟಿ ಪೊರೆ ಕಟ್ಟುತ್ತದಲ್ಲ, ಬೋರಿನ ಗಡಸು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದನ್ನೇ ಕಟ್ಟುತ್ತದೆ. ಅದೂ ಅಲ್ಲದೆ ಕೂಲಂಟಿನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ. ಸೋರಿದ ಪ್ರತಿ ಸಲ ನೀರು ತುಂಬುತ್ತಾ ಹೋದರೆ ಆ ಮದ್ದು ತೆಳ್ಳಗಾಗಿ ಡಮ್ಮಿ, ಪಂಪು, ಗ್ಯಾಸ್ಕೆಟ್ ಅಂಚು ಎಲ್ಲ ತುಕ್ಕಿಗೆ ಸಿಗುತ್ತವೆ. ಅಂದರೆ ಒಂದು ಸೋರಿಕೆಯಿಂದ ಇನ್ನೊಂದು ಹುಟ್ಟುತ್ತದೆ. ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು, ಅಂದರೆ ಡಿಸ್ಟಿಲ್ಡ್ ವಾಟರ್ (ಆಸಿಡ್ ಅಲ್ಲ), ಅಗ್ಗ. ಗಟ್ಟಿ ಕೂಲಂಟಿಗೆ ಅದನ್ನು ಅರ್ಧಕ್ಕರ್ಧ ಬೆರೆಸಿ ಒಂದು ಕ್ಯಾನ್ ಸೀಟಿನ ಹಿಂದೆ ಇಟ್ಟುಕೊಳ್ಳಿ. ಡಬ್ಬಿ ಮೇಲೆ ರೆಡಿ ಮಿಕ್ಸ್ ಅಂತ ಇದ್ದರೆ ಮತ್ತೆ ನೀರು ಬೆರೆಸಬಾರದು.

ಅರಿಶಿನ ಪುಡಿ ಹಾಕಿದರೆ ಸೋರುವುದು ನಿಲ್ಲುತ್ತದೆ ಅಂತಾರೆ. ನಿಜಾನಾ?

ಸಣ್ಣ ತೂತು ಒಂದಷ್ಟು ಹೊತ್ತು ಮುಚ್ಚಬಹುದು. ರಾತ್ರಿ ಕಾಡಿನ ನಡುವೆ ಸಿಕ್ಕಿಕೊಂಡರೆ ಮನೆ ಸೇರುವುದಕ್ಕೆ ಮಾಡಿ, ತಪ್ಪಿಲ್ಲ. ಆದರೆ ಆ ಪುಡಿಗೆ ತೂತು ಯಾವುದು, ರೇಡಿಯೇಟರ್ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ಅಂಗಡಿಯ ಲೀಕ್ ಸ್ಟಾಪ್ ಡಬ್ಬಿಗೂ ಇದೇ ಮಾತು. ಹಾಕಿದ್ದರೆ ಆದಷ್ಟು ಬೇಗ ಪೂರ್ತಿ ಫ್ಲಶ್ ಮಾಡಿಸಿ, ಮೆಕ್ಯಾನಿಕ್‌ಗೆ ಮುಚ್ಚಿಡದೆ ಹೇಳಿ.

ಥರ್ಮೋಸ್ಟಾಟ್ ವಾಲ್ವ್ ಕಿತ್ತು ಹಾಕಿದರೆ ಹೀಟ್ ಆಗಲ್ಲ ಅಲ್ವಾ?

ಬೇಡ. ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ಕಿತ್ತರೆ ಎಂಜಿನ್ ಬೇಕಾದ ಬಿಸಿಗೆ ಬರುವುದೇ ಇಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ. ಸೋರಿಕೆಯಂತೂ ಹಾಗೇ ಉಳಿಯುತ್ತದೆ. ವಾಲ್ವ್ ಅಂಟಿಕೊಂಡಿದ್ದರೆ ಹೊಸದು ಹಾಕಿಸಿ.

ಘಾಟಿ ನಡುವೆ ಟೆಂಪರೇಚರ್ ಮುಳ್ಳು ಕೆಂಪಿಗೆ ಬಂದರೆ?

ಎಸಿ ಇದ್ದರೆ ಆಫ್, ಹೀಟರ್ ಇದ್ದರೆ ಪೂರ್ತಿ ಆನ್. ಜಾಗ ನೋಡಿ ನಿಲ್ಲಿಸಿ. ಹಬೆ ಕಾಣದಿದ್ದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಹಬೆ ನುಗ್ಗುತ್ತಿದ್ದರೆ, ಇಲ್ಲವೇ ಮುಳ್ಳು ಇಳಿಯದಿದ್ದರೆ ಆಫ್ ಮಾಡಿ. ಅರ್ಧ ಮುಕ್ಕಾಲು ಗಂಟೆ ಕಾಯಿರಿ. ಬಿಸಿ ಎಂಜಿನ್ ಮೇಲೆ ತೊರೆಯ ತಣ್ಣೀರು ಎರಚಬೇಡಿ, ಒಳಗೂ ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ.

ಇನ್ನೊಂದು ಮುಖ್ಯ ವಿಷಯ. ಮುಳ್ಳು ಏರುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ತಣ್ಣಗಾಯಿತು ಅಂತ ಖುಷಿಪಡಬೇಡಿ. ಸೆನ್ಸರ್ ಇರುವ ಜಾಗದಲ್ಲಿ ನೀರೇ ಇಲ್ಲದಿದ್ದರೆ ಅದು ಸರಿಯಾಗಿ ತೋರಿಸುವುದಿಲ್ಲ. ತಕ್ಷಣ ನಿಲ್ಲಿಸಿ.

ಹೆಡ್ ಬಿಚ್ಚಲೇಬೇಕು ಅಂತ ಖಾತ್ರಿ ಆಯಿತು. ಏನೇನು ಕೇಳಿ ಮಾಡಿಸಲಿ?

ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ಹೆಡ್ಡನ್ನು ಲೇತ್ ಅಂಗಡಿಗೆ ಕೊಟ್ಟು ಬೆಂಡ್ ಇದೆಯಾ ಅಂತ ಸ್ಕೇಲ್, ಫೀಲರ್ ಗೇಜ್ ಇಟ್ಟು ನೋಡಿಸಿ. ಬಿರುಕಿಗೆ ಪ್ರೆಶರ್ ಟೆಸ್ಟ್ ಮಾಡಿಸಿ. ಬೇಕಿದ್ದರೆ ಮಾತ್ರ ಫೇಸಿಂಗ್ (ಹೆಡ್ಡಿನ ಮುಖ ತರಿದು ಸಮ ಮಾಡುವುದು), ಅದೂ ಕಂಪನಿ ಹೇಳಿದ ಮಿತಿಯೊಳಗೆ. ಬ್ಲಾಕಿನ ಮುಖವನ್ನೂ ನೋಡಬೇಕು. ಡೀಸೆಲ್ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ, ಅಂಚಿನಲ್ಲಿ ಕಚ್ಚು ಅಥವಾ ತೂತಿನ ಗುರುತು ಇರುತ್ತದೆ. ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಅದಕ್ಕೆ ತಕ್ಕದ್ದನ್ನೇ ಹಾಕಬೇಕು. ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ, ಕೈಪಿಡಿಯ ಕ್ರಮದಲ್ಲಿ, ನಡುವಿನಿಂದ ಹೊರಕ್ಕೆ ಬಿಗಿಯುವುದನ್ನು ಎದುರಿಗೆ ನಿಂತು ನೋಡಿ. ಗ್ಯಾಸ್ಕೆಟ್ ಸುಟ್ಟಿದ್ದು ಯಾಕೆ ಅಂತಲೂ ಕೇಳಿ. ಕಟ್ಟಿಕೊಂಡ ರೇಡಿಯೇಟರ್ ಹಾಗೇ ಬಿಟ್ಟರೆ ಹೊಸದೂ ಸುಡುತ್ತದೆ.

ರಿಪೇರಿ ಆಯಿತು. ಆದರೂ ಎರಡು ದಿನ ಮಟ್ಟ ಇಳಿಯಿತು.

ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತಿದೆ. ಗಾಡಿಯ ಮೂತಿ ಏರಿನ ಕಡೆಗೆ ನಿಲ್ಲಿಸಿ, ಹೀಟರ್ ಆನ್ ಮಾಡಿ, ಕ್ಯಾಪ್ ತೆಗೆದಿಟ್ಟು ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸನ್ನು ಆಗಾಗ ಹಿಚುಕಿ, ಬಿಸಿಯಾಗುವ ಮೊದಲೇ ಕ್ಯಾಪ್ ಹಾಕಿ. ಮೂರನೇ ದಿನದಿಂದ ಗೆರೆ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಡೈರಿ ಮತ್ತೆ ತೆಗೆಯಿರಿ.

ಬಸಿದ ಹಳೆ ಕೂಲಂಟನ್ನು ಎಲ್ಲಿ ಸುರಿಯಲಿ?

ಚರಂಡಿಗೆ ಬೇಡ, ತೋಟದ ಬದುವಿಗೂ ಬೇಡ. ಸಾಮಾನ್ಯ ಕೂಲಂಟಿನಲ್ಲಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕು, ದನ ನೆಕ್ಕುತ್ತವೆ, ಸ್ವಲ್ಪ ಹೋದರೂ ಕಿಡ್ನಿ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ಬಿರಡೆ ಇರುವ ಕ್ಯಾನಿಗೆ ತುಂಬಿ, ಮೇಲೆ ದೊಡ್ಡದಾಗಿ ವಿಷ ಅಂತ ಬರೆದು, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನಲ್ಲಿ ಕೇಳಿ ಕೊಡಿ. ನೆಲಕ್ಕೆ ಚೆಲ್ಲಿದ್ದರೆ ಮೇಲೆ ಮಣ್ಣು ಇಲ್ಲವೇ ಮರದ ಹೊಟ್ಟು ಹಾಕಿ ಗುಡಿಸಿ ತೆಗೆದು, ಆಮೇಲೆ ತೊಳೆಯಿರಿ. ತಂಪು ಪಾನೀಯದ ಹಳೆ ಬಾಟಲಿಗಳಲ್ಲಿ ಮಾತ್ರ ಕೂಲಂಟ್ ತುಂಬಿಡಬೇಡಿ. ಹಸಿರು, ಗುಲಾಬಿ ಬಣ್ಣ ನೋಡಿ ಮಗು ಶರಬತ್ತು ಅಂದುಕೊಂಡುಬಿಡುತ್ತದೆ.